ಲತೂರ್ 1996: ಒಂದು ಬಾಟಲಿ ನೋಡಿ ಹನ್ನೆರಡಕ್ಕೂ ಬರೆದ ತೀರ್ಪು

"ಹಣ್ಣು ಬತ್ತಿದೆ. ರುಚಿ ಬಾಯಲ್ಲಿ ನಿಲ್ಲುವುದಿಲ್ಲ. ಇನ್ನು ಇಟ್ಟು ಫಲವಿಲ್ಲ, ಈ ಚಳಿಗಾಲದೊಳಗೆ ಮಾರಿ ಮುಗಿಸಿ." ಫ್ರಾನ್ಸಿನ ಬೋರ್ಡೋದ ವೈನ್ ಎಸ್ಟೇಟು ಶಾಟೊ ಲತೂರ್ ಮಾಡಿದ 1996ರ ಕೆಂಪು ವೈನಿನ ಟೇಸ್ಟಿಂಗ್ ಶೀಟಿನಲ್ಲಿ ನಾನು ಬರೆದ ಸಾಲುಗಳು ಇವು. ಲಂಡನ್ನಿನಲ್ಲಿ ನಾನು ಕೆಲಸ ಮಾಡುತ್ತಿದ್ದ ರೆಸ್ಟೋರೆಂಟು ಹರಾಜಿನಲ್ಲಿ ಹಿಡಿದ ಮೂಲ ಮರದ ಪೆಟ್ಟಿಗೆ, ಹನ್ನೆರಡು ಬಾಟಲಿ. ಒಂದನ್ನು ತೆಗೆದು ನೋಡಿ ಉಳಿದ ಹನ್ನೊಂದರ ಹಣೆಬರಹವನ್ನೂ ಬರೆದುಬಿಟ್ಟೆ.

ಬರೆಯುವ ಮುಂಚೆ ಅನುಮಾನ ಬರಬೇಕಿತ್ತು. ಬೋರ್ಡೋದೊಳಗಿನ ಮೆದೊಕ್ ಸೀಮೆಗೆ 1996 ಕ್ಯಾಬರ್ನೆ ದ್ರಾಕ್ಷಿಯ ವರ್ಷ. ಆಗಸ್ಟ್ ಕೊನೆಯ ಮಳೆಯಿಂದ ಮೆರ್ಲೋ ದ್ರಾಕ್ಷಿಗೆ ಪೆಟ್ಟು ಬಿತ್ತು. ಸೆಪ್ಟೆಂಬರಿನಲ್ಲಿ ಒಣ ಗಾಳಿ, ಬಿಸಿಲು, ತಣ್ಣನೆಯ ರಾತ್ರಿ ಒದಗಿ ತಡವಾಗಿ ಮಾಗುವ ಕ್ಯಾಬರ್ನೆ ಸೋವಿನ್ಯೋನ್ ಚೆನ್ನಾಗಿ ಹಣ್ಣಾಯಿತು. ಹಾಗಾಗಿ ಜಿರೋಂದ್ ನದೀಮುಖದ ಎಡದಂಡೆಯ ಒಳ್ಳೆಯ 1996ಗಳಲ್ಲಿ ಹುಳಿಯೂ ಗಟ್ಟಿ, ಒಗರೂ ಗಟ್ಟಿ. ವೈನು ಬಾಳುವುದು ಈ ಎರಡರ ಮೇಲೆಯೇ. ಲತೂರ್ ಅಂತೂ ಕ್ಯಾಬರ್ನೆಗೆಂದೇ ಇರುವ ನೆಲ: ಮೆದೊಕ್ ಸೀಮೆಯ ಊರಾದ ಪೊಯಾಕ್‌ನ ದಕ್ಷಿಣದ ಅಂಚಿನಲ್ಲಿ, ಜಿರೋಂದ್‌ಗೆ ಮುಖ ಮಾಡಿದ ಲಾಂಕ್ಲೋ ಎಂಬ 47 ಹೆಕ್ಟೇರಿನ ತೋಟ, ಮೇಲೆ ದಪ್ಪ ಜಲ್ಲಿ, ಕೆಳಗೆ ಜೇಡಿ. ಬೋರ್ಡೋ ವೈನುಗಳಿಗೆ ದರ್ಜೆ ಕಟ್ಟಿದ 1855ರ ಪಟ್ಟಿಯಲ್ಲಿ ಮೊದಲ ದರ್ಜೆ ಪಡೆದ ನಾಲ್ಕು ಎಸ್ಟೇಟುಗಳಲ್ಲಿ ಇದೂ ಒಂದು. ಇಂಥ ನೆಲದ ಇಂಥ ವರ್ಷ ಮೂವತ್ತು ತುಂಬುವ ಮೊದಲೇ ಬತ್ತಿದೆ ಎಂದು ನಾಲಿಗೆ ಹೇಳಿದರೆ, ಮೊದಲು ಆ ಬಾಟಲಿಯನ್ನು ಅನುಮಾನಿಸಬೇಕು.

ಹೊರಗಿನಿಂದ ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ವೈನಿನ ಲೆವೆಲ್ ಬಾಟಲಿಯ ಕುತ್ತಿಗೆಯ ಬುಡದಲ್ಲಿತ್ತು. ಆ ವಯಸ್ಸಿಗೆ ಅದು ಸರಿ. ಅದೇ ಹೆಗಲಿನ ಮಧ್ಯಕ್ಕೆ ಇಳಿದಿದ್ದರೆ ಗಾಳಿ ಹೊಕ್ಕಿದೆ ಎಂದೇ ಎಣಿಸಬೇಕು. ಕಾರ್ಕಿನ ಮೇಲೆ ಹೊದಿಸಿದ ಲೋಹದ ಕ್ಯಾಪ್ಸೂಲ್ ಕೈಯಲ್ಲಿ ತಿರುಗುತ್ತಿತ್ತು, ಅಂದರೆ ಒಳಗಿಂದ ಸೋರಿ ಅಂಟಿಕೊಂಡಿರಲಿಲ್ಲ. ಎರಡು ದಿನ ಮುಂಚೆ ನೆಟ್ಟಗೆ ನಿಲ್ಲಿಸಿದ್ದರಿಂದ ಗಸಿ ತಳಕ್ಕೆ ಕೂತಿತ್ತು. ಹಳೇ ಕಾರ್ಕಿಗೆ ನಾನು ಸ್ಕ್ರೂ ಹಾಕುವುದಿಲ್ಲ. ಎರಡು ಅಲಗಿನ ಆ-ಸೋ ಇಳಿಸಿ, ತಿರುಗಿಸುತ್ತ ಮೇಲಕ್ಕೆ ಎಳೆಯುತ್ತೇನೆ. ಕಾರ್ಕ್ ಇಡಿಯಾಗಿ ಬಂತು. ಪಕ್ಕದಲ್ಲಿ ಶಾಟೊದ ಹೆಸರು, ಇಸವಿ ಸ್ಪಷ್ಟ; ವೈನಿನ ಕಲೆ ಕೆಳಗಿನ ಕಾಲು ಭಾಗ ದಾಟಿರಲಿಲ್ಲ. ಇಷ್ಟು ಚೆಂದದ ಕಾರ್ಕ್ ನೋಡಿದ ಮೇಲೆ ಬಾಟಲಿ ಸರಿಯಿದೆ ಎಂದು ಮನಸ್ಸು ತೀರ್ಮಾನಿಸಿಬಿಟ್ಟಿತು. ಕಾರ್ಕ್ ಗಟ್ಟಿಯಿರುವುದು ಬೇರೆ, ಅದರಲ್ಲಿ ಟಿಸಿಎ, ಅಂದರೆ ವೈನಿಗೆ ಮುಗ್ಗಲು ಹಿಡಿಸುವ ರಾಸಾಯನಿಕ, ಇಲ್ಲದಿರುವುದು ಬೇರೆ. ನೋಡಲು ಮುದ್ದಾದ ಕಾರ್ಕಿನಲ್ಲೂ ಅದು ಇರಬಹುದು. ಕಾರ್ಕನ್ನೇ ಮೂಸಿದರೂ ಖಚಿತವಾಗುವುದಿಲ್ಲ.

ಆಗ ನಾಲ್ಕೂವರೆ. ಐದಕ್ಕೆ ಬ್ರೀಫಿಂಗ್, ಅಷ್ಟರೊಳಗೆ ಶೀಟು ಕೊಡಬೇಕು. 50 ಮಿಲೀ ಸುರಿದೆ. ಬಿಳಿ ಕಾಗದದ ಮೇಲೆ ಗ್ಲಾಸ್ ವಾಲಿಸಿದರೆ ನಡುವೆ ಇನ್ನೂ ಕಡುಗೆಂಪು, ಅಂಚಿನಲ್ಲಿ ಮಾತ್ರ ಇಟ್ಟಿಗೆ ಬಣ್ಣ. ವಯಸ್ಸಿಗಿಂತ ಎಳೆಯ ಬಣ್ಣ! ಇದು ಎರಡನೇ ಸುಳಿವು. ನಿಜವಾಗಿ ಮುಗಿದ ವೈನಾಗಿದ್ದರೆ ಬಣ್ಣವೂ ಕಂದಿ, ಮೂಗಿಗೆ ಶೆರಿಯ ವಾಸನೆಯೋ ಜಜ್ಜಿದ ಸೇಬಿನ ವಾಸನೆಯೋ ಬರಬೇಕಿತ್ತು. ಅವೆರಡೂ ಇರಲಿಲ್ಲ. ಉಗುರಿನ ಬಣ್ಣದ ಘಾಟಿಲ್ಲ, ಕುದುರೆ ಲಾಯದ ವಾಸನೆಯೂ ಇಲ್ಲ. ಪೊಯಾಕ್‌ನಿಂದ ನಿರೀಕ್ಷಿಸುವ ಕಪ್ಪು ಕರಂಟ್, ಹೆರೆದ ಪೆನ್ಸಿಲ್, ದೇವದಾರು, ಒಣ ಹೊಗೆಸೊಪ್ಪು ಯಾವುದೂ ಇಲ್ಲ. ಗೋಡೆಗೆ ಮೂಗು ಹಚ್ಚಿದ ಹಾಗೆ. ಗ್ಲಾಸನ್ನು ಆಡಿಸಿದೆ, ಮತ್ತೆ ಮೂಸಿದೆ, ಮತ್ತೆ, ಮತ್ತೆ. ನನ್ನ ಮುಖ್ಯ ತಪ್ಪು ಇಲ್ಲಿದೆ. ಟಿಸಿಎಗೆ ಮೂಗು ಬಲುಬೇಗ ಒಗ್ಗಿಹೋಗುತ್ತದೆ. ಮೊದಲ ಎರಡು ಉಸಿರಿನಲ್ಲಿ ಸಿಗದಿದ್ದರೆ ಐದನೆಯದರಲ್ಲಿ ಸಿಗುವುದು ಕಷ್ಟ. ಗ್ಲಾಸ್ ಕೆಳಗಿಟ್ಟು ಹೊರಗೆ ಹೋಗಿ, ಐದು ನಿಮಿಷ ಬಿಟ್ಟು ಬರಬೇಕಿತ್ತು.

ಸೆಲ್ಲಾರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪಕ್ಕದಲ್ಲಿದ್ದಳು. ಮೊದಲ ಸಲ ಮೂಸಿದಾಗಲೇ ಅವಳ ಹುಬ್ಬು ಗಂಟಾಯಿತು. ಅದು ನನ್ನ ಕಣ್ಣಿಗೆ ಬಿತ್ತು, ಆದರೂ ಏನೆನಿಸಿತು ಎಂದು ಕೇಳಲಿಲ್ಲ. ಗಡಿಯಾರ ನೋಡಿದೆ, ನಾಲ್ಕು ಐವತ್ತು. ಬಾಯಿಗೆ ಹಾಕಿದರೆ ಹುಳಿ ಇತ್ತು, ಒಗರು ಎಳೆ ನೇರಳೆ ಹಣ್ಣು ಕಚ್ಚಿದ ಹಾಗೆ ಒಸಡಿಗೆ ಹಿಡಿಯಿತು, ನಡುವೆ ಮಾತ್ರ ಟೊಳ್ಳು. ನುಂಗಿದ ಮೇಲೆ ರುಚಿ ನಿಂತದ್ದು ನಾಲ್ಕೈದು ಸೆಕೆಂಡ್. ಈ ದರ್ಜೆಯ ವೈನಿನಲ್ಲಿ ಹದಿನೈದು, ಇಪ್ಪತ್ತು ಎಣಿಸಿಯೂ ಮುಂದೆ ಹೋಗುತ್ತೇವೆ. "ಹಣ್ಣು ಬತ್ತಿದೆ" ಎಂದು ಬರೆದು ಶೀಟು ಕೊಟ್ಟೆ.

ಬ್ರೀಫಿಂಗ್ ಮುಗಿಸಿ ಬಂದಾಗ ಐದೂಕಾಲು. ತೊಳೆಯಲೆಂದು ಗ್ಲಾಸ್ ಎತ್ತಿದರೆ ತಳದಲ್ಲಿದ್ದ ಎರಡು ಚಮಚ ವೈನಿನಿಂದ ಮುಗ್ಗಲು ವಾಸನೆ ಎದ್ದು ಬಂತು. ಮಳೆಗಾಲವಿಡೀ ಬಿಚ್ಚದ ಟ್ರಂಕಿನ ಮುಚ್ಚಳ ತೆಗೆದಾಗ ಬರುವ ಅದೇ ಮುಗ್ಗಲು. ಒದ್ದೆ ರಟ್ಟು ಎಂದು ಇಲ್ಲಿಯ ಪಾಠಗಳಲ್ಲಿ ಕಲಿಸುತ್ತಾರೆ. ನನಗೆ ಹುಟ್ಟಿನಿಂದ ಗೊತ್ತಿದ್ದ ಪದವನ್ನು ಆ ಹೊತ್ತು ಹುಡುಕಿಯೇ ಇರಲಿಲ್ಲ.

ಟಿಸಿಎ, ಅಂದರೆ 2,4,6-ಟ್ರೈಕ್ಲೋರೋಅನಿಸೋಲ್, ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು. ಅಳತೆ ಹೆಚ್ಚಿದ್ದರೆ ಮುಗ್ಗಲು ನೇರ ಮೂಗಿಗೆ ಹೊಡೆಯುತ್ತದೆ, ಯಾರೂ ಮೋಸ ಹೋಗುವುದಿಲ್ಲ. ತೀರ ಕಡಿಮೆಯಿದ್ದಾಗ ತನ್ನ ವಾಸನೆ ತೋರಿಸದೆ ಉಳಿದ ಕಂಪುಗಳನ್ನು ಮುಚ್ಚಿಹಾಕುತ್ತದೆ, ಮೂಗಿನ ಗ್ರಹಿಕೆಯನ್ನೇ ಮಂಕು ಮಾಡುತ್ತದೆ. ಹಳೇ ವೈನಿನಲ್ಲಿ ಇದು ಥೇಟ್ ಮುಪ್ಪಿನಂತೆ ಕಾಣುತ್ತದೆ, ಎಳೇ ವೈನಿನಲ್ಲಿ "ಇನ್ನೂ ಮುಚ್ಚಿಕೊಂಡಿದೆ" ಎನಿಸುತ್ತದೆ. ಈ ಮೂರನ್ನೂ ಬೇರೆ ಮಾಡುವ ದಾರಿ ಕಾಲ. ಮುಚ್ಚಿಕೊಂಡ ವೈನು ಗಾಳಿಯಲ್ಲಿ ಅರಳುತ್ತ ಹೋಗುತ್ತದೆ. ಮುಪ್ಪಾದದ್ದು ಸ್ವಲ್ಪ ಹೊತ್ತು ಚೆನ್ನಾಗಿದ್ದು ಕುಸಿಯುತ್ತದೆ. ಟಿಸಿಎ ಇದ್ದದ್ದು ಹೊತ್ತು ಹೋದಂತೆ ಹೆಚ್ಚು ಮುಗ್ಗುತ್ತದೆ. ಇನ್ನೂ ಸಂಶಯವಿದ್ದರೆ 100 ಮಿಲೀ ವೈನನ್ನು ಬಟ್ಟಲಿಗೆ ಹಾಕಿ, ಮುದುಡಿದ ಪಾಲಿಥೀನ್ ಹಾಳೆಯನ್ನು ಹತ್ತು ನಿಮಿಷ ಅದರಲ್ಲಿ ಮುಳುಗಿಸಿ, ಹಾಕದೆ ಬಿಟ್ಟ ವೈನಿನ ಜೊತೆ ಹೋಲಿಸಿ ನೋಡಿ. ಪಾಲಿಥೀನ್ ಟಿಸಿಎಯನ್ನು ಹೀರಿಕೊಳ್ಳುತ್ತದೆ. ವೈನಿನ ಕಂಪನ್ನೂ ಸ್ವಲ್ಪ ಹೀರುವುದರಿಂದ ಇದನ್ನು ಪರೀಕ್ಷೆಗೆ ಮಾತ್ರ ಬಳಸಿ, ಗಿರಾಕಿಗೆ ಕೊಡುವ ವೈನಿಗೆ ಬೇಡ. ನಾನು ಮಾಡಿದಾಗ ಹಾಳೆ ಹಾಕಿದ ಬಟ್ಟಲಿನಿಂದ ತೆಳ್ಳಗೆ ದೇವದಾರು ಬಂತು. ಅಲ್ಲಿಗೆ ಖಾತ್ರಿಯಾಯಿತು.

ಶೀಟು ವಾಪಸ್ ಪಡೆಯಲು ಹೋದರೆ ಸ್ಟಾಕ್ ಸಾಫ್ಟ್‌ವೇರಿಗೆ ಏರಿಸಿಯಾಗಿತ್ತು, ಆ ಪೆಟ್ಟಿಗೆಯ ಬಿನ್ ನಂಬರಿನ ದರ ಇಳಿದಿತ್ತು. ಒಮ್ಮೆ ಏರಿಸಿದರೆ ತಿಂಗಳ ಕೊನೆಯ ಸ್ಟಾಕ್‌ಟೇಕ್‌ವರೆಗೆ ಯಾರೂ ತಿದ್ದುವಂತಿಲ್ಲ. ಎರಡನೇ ಬಾಟಲಿ ತೆಗೆಯುತ್ತೇನೆ ಎಂದೆ. "ಮೊದಲನೆಯದರ ಲೆಕ್ಕವೇ ಕೂತಿಲ್ಲ" ಎಂದರು ಮ್ಯಾನೇಜರ್. ಪೆಟ್ಟಿಗೆಗೆ ಒಂದೇ ಸ್ಯಾಂಪಲ್ ಎನ್ನುವ ನಿಯಮ ದುಡ್ಡು ಉಳಿಸಲೆಂದೇ ಇರುವುದು. ಆ ತಿಂಗಳು ಇಳಿಸಿದ ದರಕ್ಕೆ ಮೂರು ಲತೂರ್ ಹೋದವು. ಒಂದು ಬಾಟಲಿ ಉಳಿಸಲು ಹೋಗಿ ಅದಕ್ಕಿಂತ ಹೆಚ್ಚು ಕಳೆದುಕೊಂಡೆವು.

ಆ ಮೂರರಲ್ಲಿ ಮೊದಲನೆಯದನ್ನು ತೆರೆದವನು ನಾನೇ. ಮೇಜಿಗೆ ಒಯ್ಯುವ ಮುಂಚೆ ರೂಢಿಯಂತೆ 20 ಮಿಲೀ ರುಚಿ ನೋಡಿದೆ. ಗ್ಲಾಸ್ ಆಡಿಸುವ ಮೊದಲೇ ಕಪ್ಪು ಕರಂಟ್ ಬಂತು, ಹಿಂದೆಯೇ ಪೆನ್ಸಿಲ್, ಆಮೇಲೆ ತರಗೆಲೆಯ ಮೇಲೆ ಮಳೆ ಬಿದ್ದಂಥ ಮಣ್ಣು. ಒಗರು ರೇಷ್ಮೆಯ ಹಾಗೆ ಹರಡಿತ್ತು, ಹುಳಿ ಅದನ್ನು ಎತ್ತಿ ಹಿಡಿದಿತ್ತು. ಇಪ್ಪತ್ತೆರಡರವರೆಗೆ ಎಣಿಸಿ ಬಿಟ್ಟೆ, ಗಿರಾಕಿ ಕಾಯುತ್ತಿದ್ದರು. ಇನ್ನೂ ಹತ್ತು ವರ್ಷ ಆರಾಮವಾಗಿ ಇಡಬಹುದಾದ ವೈನು. ಕೈಯಲ್ಲಿ ಗಸಿ ಬಿಟ್ಟು ವೈನು ಸುರಿದುಕೊಳ್ಳುವ ಡಿಕ್ಯಾಂಟರ್, ದೀಪದ ಮುಂದೆ ಬಾಟಲಿಯ ಕುತ್ತಿಗೆ. ಗಸಿ ಹೆಗಲಿಗೆ ಬರುವಷ್ಟರಲ್ಲಿ ಸುರಿಯುವುದನ್ನು ನಿಲ್ಲಿಸಬೇಕು, ನನ್ನ ಕಣ್ಣು ಮಾತ್ರ ಮಂಜಾಗಿತ್ತು.

ಈಗ ನಾನು ಮಾಡುವುದು ಹೀಗೆ. ಮೊದಲು ಖಾಲಿ ಗ್ಲಾಸನ್ನು ಮೂಸುತ್ತೇನೆ, ರಟ್ಟಿನ ಡಬ್ಬದಲ್ಲಿಟ್ಟ ಗ್ಲಾಸೂ ಮುಗ್ಗುತ್ತದೆ. ಚೂರು ವೈನಿನಲ್ಲಿ ತೊಳೆದು ಚೆಲ್ಲುತ್ತೇನೆ. ವೈನು 17 ಡಿಗ್ರಿ ಇರಬೇಕು, ಸೆಲ್ಲಾರಿನ 13ರಲ್ಲಿ ಒಗರು ಒರಟಾಗಿ ಕಾಣುತ್ತದೆ. ಆಡಿಸದೆ ಒಂದೇ ಸಲ ಮೂಸಿ, ಹೊಳೆದ ಮೊದಲ ಪದವನ್ನು ಬರೆದು, ಪಕ್ಕದವರ ಪದವನ್ನೂ ಕೇಳಿ ಬರೆಯುತ್ತೇನೆ. ತೆರೆದ ಕೂಡಲೇ, 20 ನಿಮಿಷಕ್ಕೆ, ಒಂದು ಗಂಟೆಗೆ, ಹೀಗೆ ಮೂರು ಸಲ ಟಿಪ್ಪಣಿ. ಎರಡು ಬಾಟಲಿಯನ್ನು ರುಚಿ ನೋಡದೆ ಒಂದೇ ಡಿಕ್ಯಾಂಟರಿಗೆ ಎಂದೂ ಸುರಿಯುವುದಿಲ್ಲ. ಒಂದರಲ್ಲಿ ಟಿಸಿಎ ಇದ್ದರೆ ಎರಡೂ ಹೋದ ಹಾಗೆ. ವಿಂಟೇಜಿನ, ಅಂದರೆ ಆ ಇಸವಿಯ ಬೆಳೆಯ, ಬಗ್ಗೆ ಬರೆಯಬೇಕಾದರೆ ಕನಿಷ್ಠ ಎರಡು ಬಾಟಲಿ ಬೇಕು, ಒಂದೇ ಕೊಟ್ಟರೆ ಆ ಬಾಟಲಿಯ ಬಗ್ಗೆ ಮಾತ್ರ ಬರೆಯುತ್ತೇನೆ.

ಶೀಟಿನಲ್ಲಿ ಬಾಟಲಿಯ ಸ್ಥಿತಿಗೆ ಈಗಲೂ ಕಾಲಂ ಇಲ್ಲ. "ವಿಂಟೇಜ್" ಎನ್ನುವುದರ ಪಕ್ಕದ ಅಂಚಿನಲ್ಲಿ "12ರಲ್ಲಿ 1ನೇ ಬಾಟಲಿ" ಎಂದು ಕೈಯಲ್ಲಿ ಬರೆದು, ಗಂಟೆ ಹಾಕಿ ಕೊಡುತ್ತೇನೆ.