‘ಹಾಡು ಯಾವಾಗ ಸುರು ಆಗ್ತದೋ?’

ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಜಾಝ್ ಅಂದರೆ ದೊಡ್ಡ ಹೋಟೆಲುಗಳಲ್ಲಿ ಊಟದ ಹೊತ್ತಿಗೆ ಮೆಲ್ಲಗೆ ಹಾಕುವ ಶ್ರೀಮಂತರ ಸಂಗೀತ ಅಂತ ಕಲಬುರಗಿಯಲ್ಲಿ ನನ್ನ ಪರಿಚಯದ ಅರ್ಧ ಜನ ತಿಳಿದಿದ್ದಾರೆ. ಉಳಿದರ್ಧ ಜನ ಆ ಹೆಸರೇ ಕೇಳಿಲ್ಲ, ಅವರ ಜೊತೆ ಮಾತಾಡೋದು ಸುಲಭ. ಮೊದಲಿನವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಸುಮ್ನೆ ಫೋನ್ ತೆಗೆದು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ನುಡಿಸಿದ ‘ಅಲಬಾಮಾ’ ಹಚ್ಚಿಬಿಡುತ್ತೇನೆ.

ಅದರ ಕಥೆ ಇಷ್ಟು. 1963ರ ಸೆಪ್ಟೆಂಬರ್ 15, ಭಾನುವಾರ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಕಪ್ಪು ಜನರ ಚರ್ಚೊಂದಕ್ಕೆ ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನವರು ಡೈನಮೈಟ್ ಇಟ್ಟರು. ನಾಲ್ಕು ಹುಡುಗಿಯರು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಎರಡು ತಿಂಗಳಾದ ಮೇಲೆ, ನವೆಂಬರ್ 18ಕ್ಕೆ, ಕೋಲ್ಟ್ರೇನ್ ತಮ್ಮ ತಂಡ ಕಟ್ಟಿಕೊಂಡು ಸ್ಟುಡಿಯೋಗೆ ಹೋಗಿ ಇದನ್ನು ರೆಕಾರ್ಡ್ ಮಾಡಿದರು. ಸುಮಾರು ಐದು ನಿಮಿಷದ್ದು, ಒಂದು ಪದವೂ ಇಲ್ಲ. ಶುರುವಿನಲ್ಲಿ ಪಿಯಾನೋ ಕೆಳಗಿನ ಸ್ವರದಲ್ಲೇ ಗುಡುಗುತ್ತಾ ಕೂತಿರುತ್ತದೆ, ಅದರ ಮೇಲೆ ಸ್ಯಾಕ್ಸೊಫೋನ್ ಯಾವ ತಾಳಕ್ಕೂ ಸಿಗದೆ ಒಂದು ಸಾಲು ಹೇಳಿ ನಿಲ್ಲುತ್ತದೆ, ಮತ್ತೊಂದು ಹೇಳಿ ನಿಲ್ಲುತ್ತದೆ. ನಡುವೆ ತಾಳ ಬರುತ್ತದೆ. ಇನ್ನೇನು ನಡಿಗೆ ಕೂಡಿಕೊಂಡಿತು ಅನ್ನುವಷ್ಟರಲ್ಲಿ ಅದೂ ನಿಂತು, ಮತ್ತೆ ಮೊದಲಿನ ಅಳು. ಕಡೆಗೆ ಎಲ್ವಿನ್ ಜೋನ್ಸ್ ಡ್ರಮ್ಮು ಉಕ್ಕಿ ಬಂದು ಮುಗಿಯುತ್ತದೆ.

ಜೇವರ್ಗಿ ಕಡೆಯ ನನ್ನ ಗೆಳೆಯನೊಬ್ಬ ಮೊಹರಂನಲ್ಲಿ ರಿವಾಯತ್ ಪದ, ಅಂದರೆ ಕರ್ಬಲಾ ಯುದ್ಧದಲ್ಲಿ ಸತ್ತವರ ಶೋಕದ ಹಾಡು, ಹಾಡುತ್ತಾನೆ, ಹೆಜ್ಜೆ ಮೇಳದಲ್ಲಿ ಮುಂದೆ ನಿಲ್ಲುವವನು. ಸುಸಲಾ ಮಿರ್ಚಿ ತಿನ್ನುತ್ತಾ ಕೂತಾಗ ಅವನಿಗೂ ಇದನ್ನು ಕೇಳಿಸಿದೆ. ಒಂದು ನಿಮಿಷ ಆಗಿರಬೇಕು, ‘ಹಾಡು ಯಾವಾಗ ಸುರು ಆಗ್ತದೋ ಮಾರಾಯ?’ ಅಂದ. ನಡುವಿನ ತಾಳ ಬಂದಾಗ ತಲೆ ಆಡಿಸತೊಡಗಿದ, ಅದು ನಿಂತ ಕೂಡಲೇ ಸಿಟ್ಟು ಬಂತು. ‘ಈಗರೆ ಹೆಜ್ಜಿ ಕೂಡಿತ್ತು, ಯಾಕ ಬಿಟ್ಟ ಆಂವಾ?’

ಆಮೇಲೆ ನಾನು ಚರ್ಚಿನ ಕಥೆ ಹೇಳಿದೆ. ಅವನು ಆಹಾ ಓಹೋ ಏನೂ ಅನ್ನಲಿಲ್ಲ. ‘ಆ ಹುಡುಗ್ಯಾರ ಹೆಸರು ಬರಂಗಿಲ್ಲೇನು ಇದ್ರಾಗ? ಹೆಸರ ಹೇಳದೆ ಅತ್ರ ಯಾರಿಗಂತ ತಿಳೀಬೇಕು?’ ಅಂತ ಕೇಳಿದ. ಹೆಸರು ನಾನೇ ಹೇಳಿದೆ: ಆ್ಯಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರಲ್ ರಾಬರ್ಟ್‌ಸನ್, ಡೆನಿಸ್ ಮೆಕ್‌ನೇರ್.

ಅವನ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ರಿವಾಯತ್ ಪದದಲ್ಲಿ ಎಲ್ಲರ ಹೆಸರೂ ಬರುತ್ತದೆ. ಕರ್ಬಲಾ ಯುದ್ಧ ನಡೆದದ್ದು ಕ್ರಿ.ಶ. 680ರಲ್ಲಿ, ಇರಾಕಿನಲ್ಲಿ. ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರ ಕಡೆಯವರಿಗೆ ನದಿ ನೀರು ಮುಟ್ಟಲು ಬಿಡಲಿಲ್ಲ. ನೀರು ತರಲು ಹೋದ ಅಬ್ಬಾಸ್, ಹರೆಯದ ಕಾಸಿಂ, ಬಾಣ ತಗುಲಿದ ಹಸುಗೂಸು ಅಸ್ಗರ್, ಇವರೆಲ್ಲರ ಸಾವನ್ನು ನಮ್ಮ ಕಡೆ ಕನ್ನಡದಲ್ಲೇ, ಅದೂ ಹೆಚ್ಚಿನ ಊರುಗಳಲ್ಲಿ ಹಿಂದೂ ಮುಸ್ಲಿಂ ಅನ್ನದೆ ಕೂಡಿ ಹಾಡುತ್ತಾರೆ. ಮೊಹರಂಗೆ ಬೆಂಕಿ ಹಾಕುವ ಅಲಾಯಿ ಕುಣಿ ಸುತ್ತ ಹಲಗಿ ಬಡಿತಕ್ಕೆ ಹೆಜ್ಜೆ ಹಾಕುವಾಗ ನೋಡಿದರೆ ಹಬ್ಬದ ಹಾಗೇ ಕಾಣುತ್ತದೆ. ಪದ ಕಿವಿಗೆ ಬಿದ್ದರೆ ಗೊತ್ತಾಗುತ್ತದೆ ಇದು ಸಾವಿನ ಮನೆ ಅಂತ. ಸಾವಿರದ ಮುನ್ನೂರು ವರ್ಷದ ಹಿಂದಿನ, ಯಾವುದೋ ದೇಶದ ಯುದ್ಧಕ್ಕೆ ಜೇವರ್ಗಿ, ಶಹಾಪುರದ ಹಳ್ಳಿ ಜನ ಈಗಲೂ ಕಣ್ಣೀರು ಹಾಕೋದು ಬರೀ ಹಲಗಿ ಕೇಳಿ ಅಲ್ಲ.

ಹಾಗಾಗಿ ಸಂಗೀತಕ್ಕೆ ಭಾಷೆಯೇ ಬೇಡ, ಎಲ್ಲಾ ತಾನೇ ಹೇಳುತ್ತೆ ಅನ್ನುವವರನ್ನು ನಾನು ಅಷ್ಟು ನಂಬುವುದಿಲ್ಲ. ‘ಅಲಬಾಮಾ’ ಅಂತ ಹೆಸರಿಡದೆ ಬೇರೆ ಏನೋ ಇಟ್ಟಿದ್ದರೆ ಅದು ದುಃಖದ ಒಂದು ಟ್ಯೂನ್ ಆಗಿ ಉಳಿಯುತ್ತಿತ್ತು ಅಷ್ಟೇ. ಕೋಲ್ಟ್ರೇನ್ ಖರ್ಚು ಮಾಡಿದ್ದು ಒಂದೇ ಪದ, ಅದೂ ರಾಜ್ಯದ ಹೆಸರು. ಆ ದಿನಗಳಲ್ಲಿ ಅದನ್ನು ಓದಿದ ಯಾವ ಅಮೆರಿಕದವನಿಗೂ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ಒಂದೇ ಮಾತಿನ ಬೆಲೆ ಎಷ್ಟು ಅಂತ ನೋಡಬೇಕಾದರೆ ಚಾರ್ಲಿ ಹೇಡನ್ ಪ್ರಸಂಗ ಇದೆ. ಆತ ಬಾಸ್ ನುಡಿಸುವವನು. 1971ರ ನವೆಂಬರಿನಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ತಂಡದ ಜೊತೆ ಪೋರ್ಚುಗಲ್ಲಿಗೆ ಹೋಗಿದ್ದ. ಆಗ ಅಲ್ಲಿ ಸರ್ವಾಧಿಕಾರ, ಆಫ್ರಿಕಾದ ತನ್ನ ವಸಾಹತುಗಳಲ್ಲಿ ಆ ದೇಶ ಯುದ್ಧ ನಡೆಸುತ್ತಿತ್ತು. ಕ್ರಾಂತಿಕಾರಿ ಚೆ ಗೆವಾರಾ ನೆನಪಿಗೆ ತಾನು ಬರೆದ ರಚನೆ ನುಡಿಸುವ ಮೊದಲು ಹೇಡನ್ ಮೈಕಿನಲ್ಲಿ, ಇದು ಅಂಗೋಲಾ, ಮೊಜಾಂಬಿಕ್, ಗಿನಿ ಬಿಸಾವುಗಳ ವಿಮೋಚನಾ ಚಳವಳಿಗಳಿಗೆ ಅರ್ಪಣೆ ಅಂದ. ಅಷ್ಟೇ ಅಂದದ್ದು. ಮರುದಿನ ವಿಮಾನ ನಿಲ್ದಾಣದಲ್ಲೇ ರಹಸ್ಯ ಪೊಲೀಸರು ಹಿಡಿದು ವಿಚಾರಣೆಗೆ ಒಯ್ದರು. ಆ ಒಂದು ಮಾತು ಆಡದೆ ಅದೇ ಟ್ಯೂನ್ ರಾತ್ರಿಯಿಡೀ ನುಡಿಸಿದ್ದರೂ ಯಾರೂ ಪ್ರಶ್ನಿಸುತ್ತಿರಲಿಲ್ಲ, ಅಲ್ವಾ?

ಆದರೆ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ನನ್ನ ಈ ವಾದಕ್ಕೆ ಸ್ವಲ್ಪ ಅಡ್ಡ ಬರುತ್ತಾನೆ. 1957ರಲ್ಲಿ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಬರಬಾರದು ಅಂತ ಅಲ್ಲಿನ ಗವರ್ನರ್ ಆರ್ವಲ್ ಫಾಬಸ್ ನ್ಯಾಷನಲ್ ಗಾರ್ಡ್ ಪಡೆಯನ್ನೇ ನಿಲ್ಲಿಸಿದ. (ಇದೇ ವಿಷಯಕ್ಕೆ ಹೆಸರಾಂತ ಜಾಝ್ ಗಾಯಕ, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಹೋಗಬೇಕಿದ್ದ ಪ್ರವಾಸ ಬಿಟ್ಟುಕೊಟ್ಟರು. ಸದಾ ನಗುವ ಮನುಷ್ಯ ಅಂತ ಅವರನ್ನು ಹಗುರಾಗಿ ನೋಡುವವರೂ ಇದ್ದರು.) ಮಿಂಗಸ್ ಆ ಗವರ್ನರನ ಹೆಸರಲ್ಲೇ ‘ಫೇಬಲ್ಸ್ ಆಫ್ ಫಾಬಸ್’ ಅಂತ ಒಂದು ಟ್ಯೂನ್ ಕಟ್ಟಿದ. 1959ರಲ್ಲಿ ಅದು ಮಾತಿಲ್ಲದೆ ಬಂತು, ರೆಕಾರ್ಡ್ ಕಂಪನಿ ಮಾತುಗಳಿಗೆ ಒಪ್ಪಲಿಲ್ಲ ಅನ್ನುತ್ತಾರೆ. ಮರುವರ್ಷ ಬೇರೆ ಕಂಪನಿಯಲ್ಲಿ ಮಾತು ಸಮೇತ ಮಾಡಿದ: ಮಿಂಗಸ್ ಕೇಳೋದು, ಡ್ರಮ್ ಬಾರಿಸುವ ಡ್ಯಾನಿ ರಿಚ್ಮಂಡ್ ಉತ್ತರ ಕೊಡೋದು. ನಮ್ಮ ಮೇಳದಲ್ಲಿ ಮುಂದಿನವನು ಎತ್ತಿದ್ದನ್ನು ಹಿಂದಿನವರು ಹಿಡಿಯುತ್ತಾರಲ್ಲ, ಥೇಟ್ ಹಾಗೇ. ಆದರೂ ನನಗೆ ಮಾತಿಲ್ಲದ್ದೇ ಜಾಸ್ತಿ ಇಷ್ಟ. ಟ್ಯೂನೇ ಹೊಟ್ಟೆ ಮುಂದೆ ಮಾಡಿಕೊಂಡು ಗತ್ತಿನಿಂದ ನಡೆಯುತ್ತದೆ, ಊದುವ ವಾದ್ಯಗಳು ಹಿಂದಿನಿಂದ ಅಣಕಿಸುತ್ತವೆ. ಯಾರನ್ನು ಅಂತ ಗೊತ್ತಿಲ್ಲದಿದ್ದರೂ ಯಾರನ್ನೋ ಆಡಿಕೊಳ್ಳುತ್ತಿದ್ದಾರೆ ಅನ್ನೋದು ತಿಳಿದೇ ತಿಳಿಯುತ್ತದೆ. ಗೆಳೆಯ ಇದಕ್ಕೆ ಬಿದ್ದುಬಿದ್ದು ನಕ್ಕ. ಕೋಲ್ಟ್ರೇನ್ ಮೇಲಿನ ತಕರಾರು ಮಾತ್ರ ಹಾಗೇ ಇಟ್ಟುಕೊಂಡಿದ್ದಾನೆ.

ಇನ್ನೊಂದು ಇದೆ, ಡ್ರಮ್ ವಾದಕ ಮ್ಯಾಕ್ಸ್ ರೋಚ್ ಅವರ 1960ರ ‘ಫ್ರೀಡಂ ನೌ ಸ್ವೀಟ್’. ಅದರ ಒಂದು ಭಾಗದಲ್ಲಿ ಡ್ರಮ್ ಜೊತೆ ಗಾಯಕಿ ಆ್ಯಬಿ ಲಿಂಕನ್ ಹಾಡುವುದನ್ನು ಬಿಟ್ಟು ಕಿರುಚುತ್ತಾಳೆ. ಒಂದು ನಿಮಿಷಕ್ಕೂ ಜಾಸ್ತಿ, ಬರೀ ಕಿರುಚಾಟ. ಅದನ್ನು ಗೆಳೆಯನಿಗೆ ಹಚ್ಚಲಿಲ್ಲ, ಹೋಟೆಲಿನಲ್ಲಿ ಜನ ಇದ್ದರು.

ಕೇಳಬೇಕು ಅನ್ನುವವರು ಮಿಂಗಸ್‌ನಿಂದ ಶುರು ಮಾಡಿ, 1959ರದ್ದು ಮೊದಲು, 1960ರದ್ದು ಆಮೇಲೆ. ‘ಅಲಬಾಮಾ’ ಕೇಳುವಾಗ ಇಯರ್‌ಫೋನ್ ಹಾಕಿಕೊಳ್ಳಿ, ಫೋನ್ ಸ್ಪೀಕರಿನಲ್ಲಿ ಆ ಪಿಯಾನೋ ಗುಡುಗು ಕೇಳಿಸುವುದೇ ಇಲ್ಲ. ಮತ್ತೆ ಮೊಹರಂಗೆ ಊರಿಗೆ ಹೋಗುವವರು ಯಾರಾದರೂ ಇದ್ದರೆ ನಿಮ್ಮೂರ ರಿವಾಯತ್ ಪದ ರೆಕಾರ್ಡ್ ಮಾಡಿ ನನಗೆ ಕಳಿಸಿ, ಬೀದರ್ ಕಡೆಯದ್ದಾದರೆ ಇನ್ನೂ ಒಳ್ಳೆಯದು, ಅಲ್ಲಿನವು ನನ್ನ ಹತ್ತಿರ ಕಡಿಮೆ ಇವೆ.