ಆರೆಂಜ್ ಕೌಂಟಿಯ ಜಾತ್ರೆಗೆ ಮಕ್ಕಳೊಂದಿಗೆ ಹೋಗುವವರು ರಾತ್ರಿ ಬಸ್ಸು ಹತ್ತಬೇಡಿ

ಕೋವಿಡ್ ಹರಡಿದ್ದ 2021ರ ಜುಲೈ ಕೊನೆಯ ವಾರ ನಾನು, ನನ್ನ ಯಜಮಾನರು, 9 ವರ್ಷದ ಮಗ ಮತ್ತು 5 ವರ್ಷದ ಮಗಳು ಅಮೆರಿಕದ ಸ್ಯಾನ್ ಹೋಸೆಯಿಂದ ಹೊರಟು, ದಕ್ಷಿಣ ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದಲ್ಲಿ ನಡೆಯುತ್ತಿದ್ದ ಆರೆಂಜ್ ಕೌಂಟಿಯ ಜಾತ್ರೆಗೆ ಹೋಗಿ ಬಂದೆವು. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದ ಹಾಗೆ. ಸಾಕಿದ ಹಸು, ಆಡು, ಹಂದಿಗಳನ್ನು ತಂದು ತೋರಿಸುವುದು, ತಿಂಡಿಯ ಅಂಗಡಿಗಳು, ಜೈಂಟ್ ವೀಲ್, ಹಾಡು ಎಲ್ಲವೂ ಇರುವುದರಿಂದ ಇದನ್ನು ಜಾತ್ರೆಯೆಂದು ಕರೆಯುವುದೇ ಸರಿ. ದೊಡ್ಡವರಿಬ್ಬರಿಗೂ ಎರಡು ಡೋಸ್ ಕೋವಿಡ್ ಲಸಿಕೆ ಆಗಿತ್ತು. 12 ವರ್ಷ ತುಂಬದವರಿಗೆ ಆಗ ಇನ್ನೂ ಒಪ್ಪಿಗೆ ಸಿಗದ ಕಾರಣ ಮಕ್ಕಳಿಗೆ ಆಗಿರಲಿಲ್ಲ. ಹೊರಡುವ ಮೊದಲು ನನಗಿದ್ದ ಭಯವೆಲ್ಲ ಜಾತ್ರೆಯ ಜನಸಂದಣಿಯ ಬಗ್ಗೆ. ಕೊನೆಗೆ ನಮ್ಮನ್ನು ಕಂಗೆಡಿಸಿದ್ದು ಅಲ್ಲಿಗೆ ಹೋಗಲು ಹಿಡಿದ ರಾತ್ರಿ ಬಸ್ಸು.

ಬಸ್ಸನ್ನೇ ಏಕೆ ಹಿಡಿದೆವೆಂದರೆ, ನಮ್ಮ ಹಳೆಯ ಕಾರನ್ನು ಅಷ್ಟು ದೂರ ಓಡಿಸುವ ಧೈರ್ಯವಿರಲಿಲ್ಲ, ಬಾಡಿಗೆ ಕಾರುಗಳ ದರವಂತೂ ಆ ಬೇಸಿಗೆಯಲ್ಲಿ ಕೈಗೆಟುಕದಷ್ಟು ಏರಿತ್ತು. ಟಿಕೆಟ್ ಕೊಳ್ಳುವಾಗ ಪಕ್ಕದ ಸೀಟನ್ನು ಖಾಲಿ ಬಿಡಲಾಗುವುದು ಎಂದು ಬರೆದದ್ದನ್ನು ನಾನೇ ಎರಡು ಸಲ ಓದಿದ್ದೆ. ಮಂಗಳವಾರ ರಾತ್ರಿ ಹತ್ತಿ ನೋಡಿದರೆ ಒಂದು ಸೀಟೂ ಖಾಲಿಯಿರಲಿಲ್ಲ. ವಿಚಾರಿಸಿದಾಗ ಆ ನಿಯಮವನ್ನು ಜೂನ್ ತಿಂಗಳಲ್ಲೇ ಕೈಬಿಟ್ಟಿದ್ದೇವೆ, ಪುಟವನ್ನು ತಿದ್ದುವುದು ಬಾಕಿಯಿದೆ ಎಂಬ ಉತ್ತರ ಬಂತು. ಬಸ್ಸು, ರೈಲು, ವಿಮಾನಗಳಲ್ಲಿ ಎಲ್ಲರೂ ಮಾಸ್ಕ್ ಧರಿಸಲೇಬೇಕೆಂಬ ಕೇಂದ್ರ ಸರ್ಕಾರದ ಆದೇಶ ಆ ವರ್ಷದ ಫೆಬ್ರವರಿಯಿಂದ ಜಾರಿಯಲ್ಲಿತ್ತು. ಚಾಲಕರು ಹೊರಡುವ ಮೊದಲು ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ದೀಪ ಆರಿದ ಅರ್ಧ ಗಂಟೆಯೊಳಗೆ ಅರ್ಧಕ್ಕರ್ಧ ಜನರ ಮಾಸ್ಕ್ ಗಲ್ಲಕ್ಕಿಳಿದಿತ್ತು. ನಡುರಾತ್ರಿಯ ನಂತರ ನಮ್ಮ ಎದುರು ಸಾಲಿನ ಒಬ್ಬರು ಕೆಮ್ಮತೊಡಗಿದರು. ಕಿಟಕಿಗಳು ತೆರೆಯುವಂಥವಲ್ಲ. ಮಕ್ಕಳನ್ನು ಕಿಟಕಿಯ ಬದಿಗೆ ಸರಿಸಿ, ತಲೆಯ ಮೇಲಿನ ಗಾಳಿಯ ಗುಂಡಿಯನ್ನು ಪೂರ್ತಿ ತಿರುಗಿಸಿ, ನಾನೂ ಯಜಮಾನರೂ ಒಬ್ಬರ ನಂತರ ಒಬ್ಬರು ಎಚ್ಚರವಿದ್ದು, ನಿದ್ದೆಯಲ್ಲಿ ಜಾರುವ ಅವರ ಮಾಸ್ಕ್‌ಗಳನ್ನು ಮೇಲಕ್ಕೆ ಎಳೆಯುತ್ತಾ ಬೆಳಗು ಮಾಡಿದೆವು. ಬೆಳಗಿನ ಹೊತ್ತಿಗೆ ಮಗಳ ಬಟ್ಟೆಯ ಮಾಸ್ಕ್ ಜೊಲ್ಲಿನಿಂದ ಪೂರ್ತಿ ಒದ್ದೆಯಾಗಿತ್ತು. ಬದಲಿಯಾಗಿ ಒಯ್ದದ್ದು ಒಂದೇ. ಒಂದು ಮಗುವಿಗೆ ದಿನಕ್ಕೆ ಮೂರು ಮಾಸ್ಕ್ ಬೇಕೇ ಬೇಕು ಎಂಬುದನ್ನು ನಾನು ಅಲ್ಲಿ ಕಲಿತೆ.

ಆದ್ದರಿಂದ ನನ್ನ ಮೊದಲ ಸಲಹೆ ಇದು: ದೂರದಿಂದ ಬರುವವರು, ಸ್ವಂತ ಕಾರು ಇಲ್ಲದಿದ್ದರೆ, ದುಡ್ಡು ಹೆಚ್ಚಾದರೂ ವಿಮಾನದಲ್ಲಿ ಬನ್ನಿ. ಜಾನ್ ವೇಯ್ನ್ ವಿಮಾನ ನಿಲ್ದಾಣವು ಜಾತ್ರೆಯ ಮೈದಾನಕ್ಕೆ ಬಹಳ ಹತ್ತಿರದಲ್ಲಿದೆ. ನಾವು ಹಿಂತಿರುಗುವಾಗ ಹಾಗೇ ಮಾಡಿದೆವು. ಹಾರಾಟ ಸುಮಾರು ಒಂದೂಕಾಲು ಗಂಟೆಯದು, ಒಳಗಿನ ಗಾಳಿ ಶೋಧಕದ ಮೂಲಕ ಹಾದು ಬರುತ್ತದೆ, ಮಾಸ್ಕ್ ಇಳಿಸಿದವರನ್ನು ಪರಿಚಾರಕಿಯರು ಎಬ್ಬಿಸಿ ಹೇಳುತ್ತಿದ್ದರು.

ಇನ್ನು ಜಾತ್ರೆಯ ವಿಷಯ. 2020ರಲ್ಲಿ ಇದು ನಡೆಯಲೇ ಇಲ್ಲ. 2021ರ ವಸಂತದಲ್ಲಿ ಇದೇ ಮೈದಾನ ದೊಡ್ಡ ಲಸಿಕಾ ಕೇಂದ್ರವಾಗಿತ್ತು. ಆ ವರ್ಷ ಜುಲೈ 16ರಿಂದ ಆಗಸ್ಟ್ 15ರವರೆಗೆ, ಬುಧವಾರದಿಂದ ಭಾನುವಾರದವರೆಗೆ ಮಾತ್ರ, ದಿನಕ್ಕೆ 45,000 ಜನರಿಗೆ ಮೀರದಂತೆ ಒಳಗೆ ಬಿಡುತ್ತಿದ್ದರು. ಟಿಕೆಟ್‌ಗಳನ್ನು ಮುಂಚಿತವಾಗಿ, ಇಂಥದ್ದೇ ದಿನಕ್ಕೆಂದು ಆನ್‌ಲೈನ್‌ನಲ್ಲೇ ಕೊಳ್ಳಬೇಕಿತ್ತು. ಬಾಗಿಲಿಗೆ ಬಂದು ಕೊಳ್ಳುತ್ತೇವೆಂದು ಹೊರಟರೆ ನಿರಾಶೆಯಾಗುತ್ತಿತ್ತು. 45,000 ಎಂಬ ಸಂಖ್ಯೆ ಕೇಳಿ ನಾನು ಹೆದರಿದ್ದೆ. ಆದರೆ ಮೈದಾನ ಸುಮಾರು 150 ಎಕರೆಯದು, ಹೆಚ್ಚಿನ ಭಾಗ ಬಯಲು, ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಲೇ ಇರುತ್ತದೆ. ಬುಧವಾರ ಬಾಗಿಲು ತೆರೆದ ಮೊದಲ ಎರಡು ಗಂಟೆಗಳಲ್ಲಿ ಜನರ ನಡುವೆ ಆರಡಿ ಏನು, ಹನ್ನೆರಡು ಅಡಿ ಬೇಕಾದರೂ ಬಿಟ್ಟು ನಡೆಯಬಹುದಿತ್ತು. ಸಂಜೆ ಐದರ ನಂತರ, ಕೆಲಸ ಮುಗಿಸಿದವರು ಬರತೊಡಗಿದ ಮೇಲೆ, ಆಟಗಳ ಸಾಲುಗಳಲ್ಲಿ ಹೆಗಲಿಗೆ ಹೆಗಲು ತಾಗುತ್ತಿತ್ತು. ನಾವು ಆಗ ಹೊರಬಿದ್ದೆವು. ಜನರ ಗುಂಪು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ, ಅದನ್ನು ಓದುವವರು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಶನಿವಾರ ಸಂಜೆ ಹೋಗಿ ಎಂದು ಮಾತ್ರ ನಾನು ಯಾರಿಗೂ ಹೇಳಲಾರೆ.

ಬಾಗಿಲಲ್ಲಿ ನಮ್ಮ ಲಸಿಕೆಯ ಕಾರ್ಡನ್ನು ಯಾರೂ ಕೇಳಲಿಲ್ಲ. ಬಯಲಿನಲ್ಲಿ ಮಾಸ್ಕ್ ಕಡ್ಡಾಯವಿರಲಿಲ್ಲ; ಲಸಿಕೆಯಾಗದವರು ಕಟ್ಟಡದೊಳಗೆ ಧರಿಸಬೇಕು ಎಂಬುದು ಜೂನ್ 15ರ ನಂತರದ ನಿಯಮವಾಗಿತ್ತು. ನಾವು ಹೋದ ದಿನವೇ, ಅಂದರೆ ಜುಲೈ 28ರಂದು, ಕೋವಿಡ್‌ನ ಡೆಲ್ಟಾ ತಳಿ ಹರಡುತ್ತಿದ್ದುದರಿಂದ ಲಸಿಕೆಯಾದವರೂ ಒಳಾಂಗಣದಲ್ಲಿ ಮಾಸ್ಕ್ ಹಾಕಿಕೊಳ್ಳಬೇಕೆಂದು ರಾಜ್ಯ ಸರ್ಕಾರ ಸಲಹೆ ಕೊಟ್ಟಿತು. ಸಲಹೆಗೂ ಆದೇಶಕ್ಕೂ ಇರುವ ಅಂತರ ಪ್ರದರ್ಶನದ ಕಟ್ಟಡಗಳಲ್ಲಿ ಕಣ್ಣಿಗೆ ಹೊಡೆಯುವಂತಿತ್ತು, ಹತ್ತು ಮುಖಗಳಲ್ಲಿ ಮೂರೋ ನಾಲ್ಕೋ ಮಾತ್ರ ಮುಚ್ಚಿದ್ದವು. ನಾವು ಒಂದೇ ಕಟ್ಟಡಕ್ಕೆ ಹೋಗಿ, ಕೌದಿಯಂಥ ಹೊದಿಕೆಗಳನ್ನು ಹತ್ತು ನಿಮಿಷ ನೋಡಿ ಹೊರಗೆ ಬಂದೆವು. ಚಿತ್ರಗಳು, ಅಂಗಡಿಗಳು ಎಲ್ಲವನ್ನೂ ಬಿಟ್ಟೆವು. ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ.

ಪ್ರಾಣಿಗಳ ಕೊಟ್ಟಿಗೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೋವಿಡ್ ಒಂದರ ಮೇಲೆಯೇ ಗಮನವಿಟ್ಟ ನಾವು ಎಡವಿದ್ದು ಅಲ್ಲಿ. ನಾನು ದೊಡ್ಡಬಳ್ಳಾಪುರದ ಕಡೆಯವಳು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಮೈದಡವಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾ ಬೆಳೆದವಳಾದ್ದರಿಂದ ಪ್ರಾಣಿಯನ್ನು ಮುಟ್ಟಬೇಡವೆಂದು ಮಕ್ಕಳಿಗೆ ಹೇಳುವ ಮನಸ್ಸು ಬರುವುದಿಲ್ಲ. ಮಗಳ ಎಡಗೈಯಲ್ಲಿ ಪಾಪ್‌ಕಾರ್ನ್ ಪೊಟ್ಟಣವಿತ್ತು. ಕಂಬಿಯ ಸಂದಿಯಿಂದ ಒಂದು ಕಂದು ಆಡು ಮುಖ ಚಾಚಿ ಅವಳ ಬಲಗೈಯನ್ನು ಬೆರಳುಗಳಿಂದ ಮಣಿಕಟ್ಟಿನವರೆಗೆ ನೆಕ್ಕಿತು. "ಅಮ್ಮಾ, ಅದರ ನಾಲಿಗೆ ಗರಗರ ಅನ್ನುತ್ತೆ" ಎಂದು ನಗುತ್ತಾ ಅವಳು ಅದೇ ಕೈಯನ್ನು ಪೊಟ್ಟಣದೊಳಗೆ ಹಾಕಲು ಹೊರಟಳು. ಯಜಮಾನರು ಕೈ ಹಿಡಿದು ನಿಲ್ಲಿಸಿ, ಸ್ಯಾನಿಟೈಸರ್ ಸುರಿದರು. ಅದು ಸಾಲದು. ಮಣ್ಣು, ಜೊಲ್ಲು, ಸಗಣಿ ಅಂಟಿದ ಕೈಯ ಮೇಲೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 20 ಸೆಕೆಂಡು ತೊಳೆಯಬೇಕು. 2019ರಲ್ಲಿ ಪಕ್ಕದ ಸ್ಯಾನ್ ಡಿಯಾಗೋ ಕೌಂಟಿಯ ಜಾತ್ರೆಗೆ ಹೋಗಿದ್ದ ಮಕ್ಕಳಿಗೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲಿ, 2 ವರ್ಷದ ಮಗುವೊಂದು ತೀರಿಕೊಂಡಿತು, ಪ್ರಾಣಿಗಳ ವಿಭಾಗವನ್ನೇ ಮುಚ್ಚಬೇಕಾಯಿತು. 2012ರಲ್ಲಿ ಇಂಡಿಯಾನಾ, ಒಹಾಯೊ ಮೊದಲಾದ ರಾಜ್ಯಗಳ ಜಾತ್ರೆಗಳಲ್ಲಿ ಹಂದಿಗಳಿಂದ 300ಕ್ಕೂ ಹೆಚ್ಚು ಜನರಿಗೆ ಒಂದು ಬಗೆಯ ಫ್ಲೂ ಬಂದಿತ್ತು, ಅವರಲ್ಲಿ ಹೆಚ್ಚಿನವರು ಮಕ್ಕಳು. ಆದ್ದರಿಂದ ಕೊಟ್ಟಿಗೆಯೊಳಗೆ ತಿಂಡಿ, ನೀರಿನ ಬಾಟಲಿ, ಬಾಯಿಗಿಡುವ ಆಟಿಕೆ, ಮಕ್ಕಳ ತಳ್ಳುಗಾಡಿ ಯಾವುದನ್ನೂ ಒಯ್ಯಬೇಡಿ. ಒಬ್ಬರು ಸಾಮಾನು ಹಿಡಿದು ಹೊರಗೆ ನಿಲ್ಲಿ, ಇನ್ನೊಬ್ಬರು ಮಕ್ಕಳನ್ನು ಕರೆದೊಯ್ಯಿರಿ. ಒಳಹೋಗುವ ಮೊದಲೇ ಕೈ ತೊಳೆಯುವ ತೊಟ್ಟಿ ಎಲ್ಲಿದೆಯೆಂದು ನೋಡಿಕೊಳ್ಳಿ. ಹೊರಬಂದ ಕೂಡಲೇ ಮಾಸ್ಕನ್ನೂ ಬದಲಾಯಿಸಿ, ಏಕೆಂದರೆ ಮಕ್ಕಳು ಅದನ್ನು ಅದೇ ಕೈಯಿಂದ ಹತ್ತು ಸಲ ಮುಟ್ಟಿರುತ್ತಾರೆ.

ಊಟಕ್ಕೆ ಜಾತ್ರೆಯೊಳಗೆ ಸುಟ್ಟ ಜೋಳದ ತೆನೆ ಬಿಟ್ಟರೆ ಸಸ್ಯಾಹಾರಿಗಳಿಗೆ ನಾನು ಒತ್ತಿ ಹೇಳುವಂಥದ್ದೇನೂ ಇಲ್ಲ. ಆದರೆ ಹಾರ್ಬರ್ ಬುಲೇವಾರ್ಡ್ ರಸ್ತೆಯ ಕಡೆ, ಬಟ್ಟೆ ಒಗೆಯುವ ಅಂಗಡಿಯ ಪಕ್ಕದಲ್ಲಿ, ಮೆಕ್ಸಿಕೋದ ಒಂದು ಕುಟುಂಬ ನಡೆಸುವ ಪುಟ್ಟ ಹೋಟೆಲಿನಲ್ಲಿ ನಾವು ಮೂರು ಹೊತ್ತು ಊಟ ಮಾಡಿದೆವು. ಕಾರು ನಿಲ್ಲಿಸುವ ಜಾಗದಲ್ಲಿ ಬಟ್ಟೆಯ ಚಪ್ಪರ ಹಾಕಿ, ಐದು ಮೇಜುಗಳನ್ನು ದೂರದೂರ ಇಟ್ಟಿದ್ದರು. ಅಡುಗೆಯವರಿಂದ ಹಿಡಿದು ದುಡ್ಡು ತೆಗೆದುಕೊಳ್ಳುವ ಹುಡುಗನವರೆಗೆ ಎಲ್ಲರೂ ಮೂಗು ಮುಚ್ಚುವಂತೆ ಮಾಸ್ಕ್ ಧರಿಸಿದ್ದರು, ಒಬ್ಬರು ಎದ್ದ ಮೇಲೆ ಮೇಜು ಒರೆಸದೆ ಮುಂದಿನವರನ್ನು ಕೂರಿಸುತ್ತಿರಲಿಲ್ಲ. ರಾಜ್ಮಾ ಜಾತಿಯ ಕಾಳನ್ನು ಬೇಯಿಸಿ ಅರೆದು ಹುರಿಯುವಾಗ ಹಲವೆಡೆ ಹಂದಿಯ ಕೊಬ್ಬನ್ನು ಹಾಕುತ್ತಾರೆ, ಆದ್ದರಿಂದ ಕೇಳಿಯೇ ತಿನ್ನಬೇಕು. ನಾನು ಕೇಳಿದಾಗ ಆ ಮನೆಯ ಅಜ್ಜಿ ಒಳಗಿನಿಂದ ಎಣ್ಣೆಯ ಡಬ್ಬಿಯನ್ನೇ ತಂದು ತೋರಿಸಿದರು. ಅನ್ನ, ಕಾಳು, ಹುರಿದ ದೊಣ್ಣೆಮೆಣಸಿನಕಾಯಿ ತುಂಬಿದ ಬುರಿಟೋ ಎಂಬ ರೊಟ್ಟಿಯ ಸುರುಳಿ 7 ಡಾಲರಿಗೆ ಇಬ್ಬರು ಮಕ್ಕಳಿಗೆ ಸಾಕಾಗುವಷ್ಟಿತ್ತು. ಸುಟ್ಟ ಟೊಮೆಟೊ ಮತ್ತು ಹಸಿಮೆಣಸಿನಕಾಯಿಯನ್ನು ಕಲ್ಲಿನಲ್ಲಿ ಅರೆದ ಅವರ ಚಟ್ನಿಯನ್ನು ಬಾಯಿಗಿಟ್ಟಾಗ ನನ್ನ ಅತ್ತೆಯವರು ಕೆಂಡದಲ್ಲಿ ಸುಟ್ಟು ಮಾಡುತ್ತಿದ್ದ ಗೊಜ್ಜಿನ ನೆನಪು ಬಂತು. ಆ ಊರಿಗೆ ಹೋದವರು ಅಲ್ಲಿಯೇ ಉಣ್ಣಿ, ದುಡ್ಡನ್ನು ಅಂಥವರ ಕೈಗೆ ಕೊಡಿ.

ಹಿಂತಿರುಗಿದ ಮೇಲೆ ಕೋವಿಡ್ ಪರೀಕ್ಷೆ ಮಾಡಿಸುವುದನ್ನು ತಪ್ಪಿಸಬೇಡಿ. ಸೋಂಕಿರುವವರ ಬಳಿ ಇದ್ದೆವೆಂಬ ಶಂಕೆಯಿದ್ದರೆ, ಲಸಿಕೆಯಾದವರೂ 3ರಿಂದ 5 ದಿನಗಳ ನಡುವೆ ಪರೀಕ್ಷಿಸಿಕೊಳ್ಳಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಆ ವಾರವಷ್ಟೇ ಹೇಳಿತ್ತು. ಬಸ್ಸಿನ ರಾತ್ರಿಯಿಂದ ಎಣಿಸಿ ನಾಲ್ಕನೆಯ ದಿನ, ಶನಿವಾರ, ಮನೆಯಲ್ಲೇ ಮಾಡಬಹುದಾದ ಬೈನಾಕ್ಸ್‌ನೌ ಕಿಟ್ ತಂದು ಇಬ್ಬರು ಮಕ್ಕಳಿಗೂ ಮಾಡಿದೆವು. ಹದಿನೈದು ನಿಮಿಷ ಕಾದು ನೋಡಿದಾಗ ಎರಡರಲ್ಲೂ ಒಂದೇ ಗೆರೆ, ಅಂದರೆ ಸೋಂಕು ಕಂಡಿರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಮಾಡಿದಾಗಲೂ ಹಾಗೆಯೇ ಬಂತು. ಎರಡು ಪರೀಕ್ಷೆಗಳ ಒಂದು ಪೆಟ್ಟಿಗೆಗೆ ಆಗ ಸುಮಾರು 24 ಡಾಲರ್ ಇತ್ತು. ಊರಿಗೆ ಬಂದ ಮೇಲೆ ಅದಕ್ಕಾಗಿ ನಾನು ಮೂರು ಔಷಧದ ಅಂಗಡಿಗಳನ್ನು ಸುತ್ತಬೇಕಾಯಿತು, ನೀವು ಹೊರಡುವ ಮೊದಲೇ ಎರಡು ಪೆಟ್ಟಿಗೆ ಕೊಂಡಿಟ್ಟುಕೊಳ್ಳಿ.