ಪ್ರಾಣಿಗಳನ್ನು ಹುಡುಕಿಕೊಂಡು ಹೋಗಿ ನೀರನ್ನು ಓದಿದ ವರ್ಷಗಳು

ಸಾಗರ ವಿಜ್ಞಾನದಲ್ಲಿ ಪದವಿ ಮಾಡಬೇಕೆಂದಿರುವ ವಿದ್ಯಾರ್ಥಿಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ತಿಮಿಂಗಿಲಗಳನ್ನೂ ಹವಳದ ದಿಬ್ಬಗಳನ್ನೂ ಎಷ್ಟನೆಯ ವರ್ಷದಲ್ಲಿ ನೋಡಲು ಸಿಗುತ್ತದೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ನನ್ನನ್ನು ಈ ಓದಿಗೆ ಎಳೆದು ತಂದದ್ದೂ ಅದೇ ಆಸೆ. ಆದರೂ ಸೇರುವ ಮುನ್ನ ಒಂದು ಸಂಗತಿ ತಿಳಿದಿರುವುದು ಒಳ್ಳೆಯದು. ಈ ಪದವಿಯ ಬಹುಪಾಲು ಸಮಯ ನೀರಿನ ಅಧ್ಯಯನಕ್ಕೇ ಹೋಗುತ್ತದೆ: ಅದರ ಉಪ್ಪು, ತಾಪ, ಸಾಂದ್ರತೆ, ಅದರಲ್ಲಿ ಕರಗಿದ ಅನಿಲಗಳು, ಅದು ಹರಿಯುವ ದಿಕ್ಕು. ಇದನ್ನು ತಿಳಿಯದೆ ಬಂದ ನನ್ನ ಕೆಲವು ಸಹಪಾಠಿಗಳು ಮೊದಲ ವರ್ಷದಲ್ಲೇ ನಿರಾಶರಾಗಿ ಬೇರೆ ವಿಷಯಕ್ಕೆ ಹೋದರು. ನೀರಿನ ಮೇಲೆ ಆಸಕ್ತಿ ಹುಟ್ಟಿಸಿಕೊಂಡವರಿಗೆ ಮಾತ್ರ ಪ್ರಾಣಿಗಳು ಕಡಲಿನ ಯಾವ ಭಾಗದಲ್ಲಿ, ಏಕೆ ಇವೆ ಎಂಬುದು ನಿಧಾನವಾಗಿ ಅರ್ಥವಾಗತೊಡಗಿತು.

ಮೊದಲ ವರ್ಷದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಒಂದಿಷ್ಟು ಭೂವಿಜ್ಞಾನ, ಒಂದಿಷ್ಟು ಜೀವವಿಜ್ಞಾನ ಇರುತ್ತವೆ. ಇವುಗಳಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಉಪ್ಪಿನ ಪಾಠ. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣಗಳಿರುತ್ತವೆ. ಎಲ್ಲೋ ಹೆಚ್ಚು, ಎಲ್ಲೋ ಕಡಿಮೆ. ಆದರೆ ತೆರೆದ ಸಾಗರದ ಯಾವ ಮೂಲೆಯಿಂದ ನೀರು ತಂದರೂ ಅದರಲ್ಲಿ ಕ್ಲೋರೈಡ್, ಸೋಡಿಯಂ, ಸಲ್ಫೇಟ್, ಮೆಗ್ನೀಸಿಯಂಗಳು ಒಂದಕ್ಕೊಂದು ಇರುವ ಅನುಪಾತ ಹೆಚ್ಚುಕಡಿಮೆ ಒಂದೇ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ ನೀರಿನಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್ಮರ್ ಎಂಬ ರಸಾಯನಶಾಸ್ತ್ರಜ್ಞ ಅತ್ಯಂತ ಎಚ್ಚರದಿಂದ ವಿಶ್ಲೇಷಿಸಿ, 1884ರಲ್ಲಿ ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟ. ಒಂದು ಅಂಶವನ್ನು ಸರಿಯಾಗಿ ಅಳೆದರೆ ಉಳಿದವುಗಳ ಪ್ರಮಾಣ ಲೆಕ್ಕದಿಂದಲೇ ಸಿಗುತ್ತದೆ ಎಂಬ ಅನುಕೂಲದ ಬೆನ್ನಲ್ಲೇ, ಇಷ್ಟು ಅಗಾಧವಾದ ನೀರು ಇಷ್ಟು ಚೆನ್ನಾಗಿ ಕಲಸಿಹೋಗಿರಬೇಕಾದರೆ ಅದು ಎಷ್ಟು ಕಾಲದಿಂದ ಸುತ್ತುತ್ತಿರಬೇಕು ಎಂಬ ಪ್ರಶ್ನೆಯೂ ಬಂದು ನಿಂತಿತು.

ಪ್ರಯೋಗಾಲಯದಲ್ಲಿ ನಾನು ಅತಿ ಹೆಚ್ಚು ಬಾರಿ ಮಾಡಿದ ಕೆಲಸ ಕರಗಿದ ಆಮ್ಲಜನಕವನ್ನು ಅಳೆಯುವುದು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಅದಕ್ಕೆ ಆಧಾರ. ವಿದ್ಯುನ್ಮಾನ ಸಂವೇದಕಗಳು ಕೊಡುವ ಅಂಕಿ ಸರಿಯೇ ಎಂದು ನೋಡುವುದೂ ಇದರ ಒರೆಗಲ್ಲಿನ ಮೇಲೆಯೇ. ಮಾದರಿ ನೀರನ್ನು ರಬ್ಬರ್ ಕೊಳವೆಯ ಮೂಲಕ ಗಾಜಿನ ಬಾಟಲಿಯ ತಳದಿಂದ ತುಂಬಿಸಿ, ಬಾಯಿಯಿಂದ ಉಕ್ಕಿ ಹರಿಯಲು ಬಿಡಬೇಕು. ಆಮೇಲೆ ಪಿಪೆಟ್ಟಿನ ತುದಿಯನ್ನು ನೀರಿನೊಳಗೇ ಇಟ್ಟು ಮ್ಯಾಂಗನೀಸ್ ಲವಣದ ದ್ರಾವಣವನ್ನೂ ಕ್ಷಾರೀಯ ಅಯೋಡೈಡ್ ದ್ರಾವಣವನ್ನೂ ಸೇರಿಸಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ ಹಾಕಬೇಕು. ಬಾಟಲಿಯನ್ನು ತಲೆಕೆಳಗು ಮಾಡುತ್ತಿದ್ದಂತೆ ಒಳಗೆ ಕಂದು ಬಣ್ಣದ ಮೋಡದಂತಹ ಪ್ರಕ್ಷೇಪ ಹಬ್ಬುತ್ತದೆ. ಆಮ್ಲಜನಕವೇ ಇಲ್ಲದ ನೀರಾದರೆ ಆ ಮೋಡ ಬಿಳಿಯಾಗಿಯೇ ಉಳಿಯುತ್ತದೆ. ಅದು ತಳಕ್ಕಿಳಿದ ಮೇಲೆ ಆಮ್ಲ ಹಾಕಿದರೆ ಪ್ರಕ್ಷೇಪ ಕರಗಿ, ಬಿಡುಗಡೆಯಾದ ಅಯೋಡಿನ್‌ನಿಂದ ದ್ರಾವಣ ಹೊಂಬಣ್ಣಕ್ಕೆ ತಿರುಗುತ್ತದೆ. ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತಾ ಬಣ್ಣ ತಿಳಿಹಳದಿಗೆ ಇಳಿದಾಗ ಪಿಷ್ಟ ಸೇರಿಸಬೇಕು, ಕೂಡಲೇ ಗಾಢ ನೀಲಿ. ಅಲ್ಲಿಂದ ಮುಂದೆ ಯಾವುದೋ ಒಂದು ಹನಿಗೆ ನೀಲಿ ಥಟ್ಟನೆ ಮಾಯವಾಗುತ್ತದೆ. ಅಲ್ಲಿಯವರೆಗೆ ಖರ್ಚಾದ ಥಯೋಸಲ್ಫೇಟಿನ ಪ್ರಮಾಣದಿಂದಲೇ ಆಮ್ಲಜನಕದ ಲೆಕ್ಕ ಸಿಗುತ್ತದೆ. ಆ ಹನಿಯಲ್ಲಿ ನಿಲ್ಲಿಸುವುದು ಕೈಗೆ ಬರಲು ನನಗೆ ವಾರಗಳೇ ಹಿಡಿದವು. ಒಮ್ಮೆ ಆಳದ ಮಾದರಿಯೊಂದರಲ್ಲಿ ನನ್ನ ಅಂಕಿ ಜೊತೆಗಾರನದಕ್ಕಿಂತ ಬಹಳ ಹೆಚ್ಚು ಬಂದಿತ್ತು. ಕಾರಣ ಹುಡುಕಿದಾಗ ಮುಚ್ಚಳದ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದು ಕಂಡಿತು. ಆಮ್ಲಜನಕ ಕಡಿಮೆಯಿರುವ ನೀರಿಗೆ ಅಷ್ಟು ಗಾಳಿಯೂ ದೊಡ್ಡ ಪೆಟ್ಟು.

ಈ ಕೆಲಸ ಯಾಂತ್ರಿಕವೆಂದು ಅನ್ನಿಸುತ್ತಿದ್ದ ದಿನಗಳಲ್ಲೇ ನಾವು ಅಳೆದ ಅಂಕಿಗಳನ್ನು ಆಳಕ್ಕೆ ತಕ್ಕಂತೆ ಗ್ರಾಫಿನಲ್ಲಿ ಗುರುತಿಸುವ ತರಗತಿ ಬಂತು. ಮೇಲ್ಮೈಯಲ್ಲಿ ಆಮ್ಲಜನಕ ಧಾರಾಳವಾಗಿತ್ತು, ಕೆಲವು ನೂರು ಮೀಟರ್ ಕೆಳಗೆ ತೀರಾ ಕುಸಿದಿತ್ತು. ಇಲ್ಲಿಯವರೆಗೆ ನಿರೀಕ್ಷಿಸಿದ್ದೇ. ಆದರೆ ಸಾವಿರ ಮೀಟರಿಗಿಂತಲೂ ಆಳದಲ್ಲಿ, ಬೆಳಕಾಗಲಿ ಸಸ್ಯವಾಗಲಿ ಇಲ್ಲದ ಕಡೆ, ಅದು ಮತ್ತೆ ಏರಿತ್ತು. ತರಗತಿಯಲ್ಲಿ ಹೆಚ್ಚಿನವರು ತಾವು ತಪ್ಪು ಅಳೆದಿದ್ದೇವೆಂದೇ ತಿಳಿದರು. ವಿವರಣೆ ಮೂರು ಶಾಸ್ತ್ರಗಳನ್ನು ಒಟ್ಟಿಗೆ ಕರೆಯುವಂಥದ್ದು. ಮೇಲಿನಿಂದ ಉದುರುವ ಸತ್ತ ಪ್ಲವಕಗಳನ್ನೂ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಮಲವನ್ನೂ ಕೊಳೆಯಿಸುವ ಬ್ಯಾಕ್ಟೀರಿಯಾಗಳು ಮಧ್ಯದ ಪದರದ ಆಮ್ಲಜನಕವನ್ನು ಮುಗಿಸುತ್ತವೆ. ಅದಕ್ಕಿಂತ ಕೆಳಗಿರುವ ನೀರೋ, ಧ್ರುವ ಪ್ರದೇಶಗಳ ಮೇಲ್ಮೈಯಲ್ಲಿ ಕೊರೆಯುವ ಚಳಿಗೆ ತಣಿದು, ಆಮ್ಲಜನಕವನ್ನು ಹೀರಿಕೊಂಡು, ಭಾರವಾಗಿ ಮುಳುಗಿ, ನೂರಾರು ವರ್ಷಗಳ ಕಾಲ ತಳದಲ್ಲಿ ತೆವಳುತ್ತಾ ಬಂದದ್ದು. ಅಲ್ಲಿಗೆ ಉದುರಿ ತಲುಪುವ ಆಹಾರ ಅಲ್ಪವಾದ್ದರಿಂದ ಖರ್ಚೂ ಅಲ್ಪ. ನನ್ನ ಬಾಟಲಿಯಲ್ಲಿದ್ದ ಆಮ್ಲಜನಕ ಕಡೆಯ ಬಾರಿ ಗಾಳಿಯನ್ನು ಮುಟ್ಟಿದ್ದು ಯಾರೂ ಆ ಸಾಗರವನ್ನು ಅಳೆಯುವುದಕ್ಕೆ ಮುಂಚೆ ಎಂಬ ಅರಿವು ಆ ದಿನ ಉಂಟಾಯಿತು. ಈ ಪದವಿಯನ್ನು ಬಿಡದೆ ಓದಿದ್ದಕ್ಕೆ ಒಂದೇ ಕಾರಣ ಹೇಳಬೇಕೆಂದರೆ ನಾನು ಆ ಗ್ರಾಫನ್ನು ಹೇಳುತ್ತೇನೆ.

ಗಣಿತದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು: ಕಲನಶಾಸ್ತ್ರವನ್ನು (ಕ್ಯಾಲ್ಕುಲಸ್) ತಪ್ಪಿಸಿಕೊಂಡು ಈ ಓದು ಸಾಗದು. ನಾರ್ವೆಯ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ 1893ರಿಂದ 1896ರವರೆಗಿನ ಫ್ರಾಮ್ ಹಡಗಿನ ಯಾನದಲ್ಲಿ ಆರ್ಕ್ಟಿಕ್ ಹಿಮಗಡ್ಡೆಗಳು ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಚಲಿಸದೆ, 20ರಿಂದ 40 ಡಿಗ್ರಿ ಬಲಕ್ಕೆ ವಾಲುವುದನ್ನು ಗಮನಿಸಿದ್ದರು. ಭೂಮಿಯ ಆವರ್ತನೆ ಮತ್ತು ನೀರಿನ ಪದರಗಳ ನಡುವಿನ ಘರ್ಷಣೆ ಸೇರಿ ಹೀಗಾಗುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬಿಡಿಸಿದವರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ವಾಗ್ನ್ ವಾಲ್‌ಫ್ರಿಡ್ ಎಕ್‌ಮನ್. ಗಾಳಿ ತಳ್ಳುವ ಮೇಲ್ಪದರದ ಒಟ್ಟು ನೀರು ಉತ್ತರಾರ್ಧ ಗೋಳದಲ್ಲಿ ಗಾಳಿಯ ಬಲಕ್ಕೆ 90 ಡಿಗ್ರಿಯಲ್ಲಿ ಸಾಗುತ್ತದೆ ಎಂದು ಅವರ ಲೆಕ್ಕ ಹೇಳುತ್ತದೆ. ಹೀಗೆ ದಡದಿಂದ ನೀರು ಆಚೆ ಸರಿದ ಕಡೆ ಆಳದ ತಣ್ಣನೆಯ, ಪೋಷಕಾಂಶಗಳಿಂದ ತುಂಬಿದ ನೀರು ಮೇಲೆ ಬರುತ್ತದೆ, ಪ್ಲವಕಗಳು ಬೆಳೆಯುತ್ತವೆ, ಮೀನು ಸೇರುತ್ತದೆ. ಸಮೀಕರಣ ಒಂದೆಡೆ, ಮೀನಿನ ಹಿಂಡು ಇನ್ನೊಂದೆಡೆ ಎಂದು ನಾನು ಕಟ್ಟಿಕೊಂಡಿದ್ದ ಗೋಡೆ ಬಿದ್ದದ್ದು ಈ ಪಾಠದಲ್ಲಿ.

ಕ್ಷೇತ್ರಕಾರ್ಯದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಬಂಡೆಗಳ ದಡ. ಇಳಿತದ ವೇಳೆಯಲ್ಲಿ ಅರ್ಧ ಮೀಟರ್ ಚೌಕಟ್ಟನ್ನು ಬಂಡೆಯ ಮೇಲಿಟ್ಟು, ಮಂಡಿಯೂರಿ, ಅದರೊಳಗಿನ ಬಾರ್ನಕಲ್‌ಗಳನ್ನೂ (ಬಂಡೆಗೆ ಅಂಟಿಕೊಂಡು ಬದುಕುವ ಚಿಪ್ಪಿನ ಜೀವಿಗಳು) ಬಸವನಹುಳುಗಳನ್ನೂ ಎಣಿಸಬೇಕು. ಉಬ್ಬರ ಏರುವುದರೊಳಗೆ ಮುಗಿಸಬೇಕು. ಒಂದೇ ಚೌಕಟ್ಟನ್ನು ಇಬ್ಬರು ಎಣಿಸಿದರೆ ಎರಡು ಸಂಖ್ಯೆ ಬರುತ್ತಿದ್ದವು. ಖಾಲಿ ಚಿಪ್ಪನ್ನು ಲೆಕ್ಕಕ್ಕೆ ಹಿಡಿಯುವುದೋ ಬಿಡುವುದೋ, ಚೌಕಟ್ಟಿನ ಅಂಚಿನ ಕೆಳಗೆ ಅರ್ಧ ಸಿಕ್ಕಿದ್ದನ್ನು ಏನು ಮಾಡುವುದು ಎಂಬ ವಾದಗಳಿಂದಲೇ ನಾವು ಸಂಖ್ಯಾಶಾಸ್ತ್ರದ ಅಗತ್ಯವನ್ನು ಕಂಡುಕೊಂಡೆವು. ಇಂಥದೇ ಬಂಡೆಗಳ ಮೇಲೆ, ಸ್ಕಾಟ್ಲೆಂಡಿನಲ್ಲಿ, ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ಎರಡು ಜಾತಿಯ ಬಾರ್ನಕಲ್‌ಗಳನ್ನು ಹಿಂಬಾಲಿಸಿದರು. ದಡದ ಮೇಲ್ಭಾಗದಲ್ಲಷ್ಟೇ ಕಾಣುವ ಜಾತಿಯ ಸುತ್ತಲಿನ ಇನ್ನೊಂದು ಜಾತಿಯನ್ನು ಕಿತ್ತು ತೆಗೆದರೆ ಮೊದಲನೆಯದು ಕೆಳಗೂ ಬದುಕಬಲ್ಲದು ಎಂದು ಅವರ 1961ರ ಪ್ರಬಂಧ ತೋರಿಸಿತು. ಒಂದು ಜೀವಿಯ ಗಡಿಯನ್ನು ಮೇಲೆ ಬಿಸಿಲೂ ಒಣಗಾಳಿಯೂ, ಕೆಳಗೆ ನೆರೆಯ ಜೀವಿಯೂ ಗೆರೆ ಹಾಕುತ್ತವೆ. ಅದನ್ನು ಓದಿದ ಮೇಲೆ ಬಂಡೆಯ ಮೇಲಿನ ಪಟ್ಟಿಗಳು ನನಗೆ ಬರೀ ಬಣ್ಣಗಳಾಗಿ ಉಳಿಯಲಿಲ್ಲ.

ಹಡಗಿನ ದಿನಗಳು ಕಡಿಮೆ. ನಮಗೆ ಸಿಕ್ಕಿದ್ದು ಒಂದು ವಾರ ಮಾತ್ರ, ಅದರಲ್ಲಿ ಎರಡು ದಿನ ಹೊಟ್ಟೆ ತೊಳಸಿ ಮಲಗಿದ್ದೆ. ಕಡಲಕಾಯಿಲೆಯ ಭಯದಿಂದ ಈ ವಿಷಯವನ್ನೇ ಕೈಬಿಡುವವರಿಗೆ ನಾನು ಕಡಲತಳದ ನಕ್ಷೆ ಬಿಡಿಸಿದ ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್ ಅವರನ್ನು ನೆನಪಿಸುತ್ತೇನೆ. ಸಂಶೋಧನಾ ಹಡಗುಗಳಿಗೆ ಹೆಂಗಸರನ್ನು ಹತ್ತಿಸದಿದ್ದ ಕಾಲದಲ್ಲಿ, 1950ರ ದಶಕದ ಆರಂಭದಲ್ಲಿ, ಬೇರೆಯವರು ತಂದ ಆಳದ ಅಳತೆಗಳನ್ನು ಮೇಜಿನ ಮೇಲೆ ಹರಡಿ ಚಿತ್ರಿಸುತ್ತಲೇ ಅವರು ಅಟ್ಲಾಂಟಿಕ್ ಸಾಗರದ ನಡುವಿನ ಪರ್ವತಸಾಲಿನುದ್ದಕ್ಕೂ ಸೀಳುಕಣಿವೆ ಇರುವುದನ್ನು ಕಂಡರು. ಆ ಕಣಿವೆ ಖಂಡಗಳು ಸರಿಯುತ್ತವೆ ಎಂಬ ವಾದಕ್ಕೆ ಬಲ ಕೊಟ್ಟಿತು. ಅವರು ಸಂಶೋಧನಾ ಯಾನಕ್ಕೆ ಹೋದದ್ದು 1968ರಲ್ಲಿ.

ಕೋರ್ಸ್ ಆರಿಸಿಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ. ಪದವಿಯ ಹೆಸರಿಗಿಂತ ಪಠ್ಯಕ್ರಮವನ್ನು ನೋಡಿ. ಸಾಗರ ಜೀವವಿಜ್ಞಾನ, ಸಾಗರಶಾಸ್ತ್ರ, ಸಾಗರ ವಿಜ್ಞಾನ ಎಂಬ ಹೆಸರುಗಳ ಅಡಿಯಲ್ಲಿ ಬಹಳ ಬೇರೆಬೇರೆ ಓದು ಇರಬಹುದು. ಸಂಖ್ಯಾಶಾಸ್ತ್ರವೂ ಪ್ರೋಗ್ರಾಮಿಂಗೂ ಕಡ್ಡಾಯವಾಗಿವೆಯೇ, ಕ್ಷೇತ್ರಕಾರ್ಯಕ್ಕೆ ಎಷ್ಟು ದಿನ, ಕೊನೆಯ ವರ್ಷದಲ್ಲಿ ಸ್ವಂತ ಸಂಶೋಧನೆ ಇದೆಯೇ ಎಂದು ಕೇಳಿ. ನೀರಿನಡಿ ಈಜುವ ತರಬೇತಿ ಬೇರೆಯದೇ. ಅದಿಲ್ಲದೆಯೂ ಪದವಿ ಮುಗಿಸಬಹುದು. ಸಂಶೋಧಕರಾಗಬೇಕೆಂದರೆ ಸ್ನಾತಕೋತ್ತರ ಓದು ಬೇಕೇ ಬೇಕು. ಮೀನುಗಾರಿಕೆ, ಪರಿಸರ ಪರಿಶೀಲನೆ, ಕಡಲತಳದ ಸರ್ವೇಕ್ಷಣೆಯಂಥ ಕೆಲಸಗಳಿಗೆ ಪದವಿಯಿಂದಲೇ ದಾರಿ ತೆರೆಯುವುದುಂಟು. ಭೌತಶಾಸ್ತ್ರದಲ್ಲೋ ರಸಾಯನಶಾಸ್ತ್ರದಲ್ಲೋ ಪದವಿ ಪಡೆದು ಆಮೇಲೆ ಕಡಲಿಗೆ ಬಂದವರೂ ಅನೇಕರು, ಅವರು ಯಾವುದರಲ್ಲೂ ಹಿಂದೆ ಬಿದ್ದಿಲ್ಲ.

ನನ್ನ ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಬಳಸಿದ್ದು ಒಂದೇ ಒಂದು ಆರ್ಗೋ ಫ್ಲೋಟಿನ, ಅಂದರೆ ತಾನಾಗಿಯೇ ಮುಳುಗಿ ಏಳುವ ಅಳತೆಯ ಉಪಕರಣದ, ಅಂಕಿಗಳು. ಸಾಗರಗಳಲ್ಲಿ ಸುಮಾರು 4,000 ಇಂಥ ಫ್ಲೋಟುಗಳು ತೇಲುತ್ತಿವೆ. ಸಾಮಾನ್ಯವಾಗಿ ಸಾವಿರ ಮೀಟರ್ ಆಳದಲ್ಲಿ ಪ್ರವಾಹದೊಡನೆ ಸಾಗುತ್ತಾ, ಹತ್ತು ದಿನಕ್ಕೊಮ್ಮೆ 2,000 ಮೀಟರಿಗೆ ಇಳಿದು, ಅಲ್ಲಿಂದ ಏರುತ್ತಾ ತಾಪವನ್ನೂ ಲವಣಾಂಶವನ್ನೂ ಅಳೆದು ಉಪಗ್ರಹಕ್ಕೆ ಕಳುಹಿಸುತ್ತವೆ. ಆ ಅಂಕಿಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಗಾಳಿಗೆ ಕಲಸಿಹೋಗುವ ಮೇಲ್ಪದರವು ಚಳಿಗಾಲದಲ್ಲಿ ದಪ್ಪವಾಗಿ ಬೇಸಿಗೆಯಲ್ಲಿ ತೆಳುವಾಗುವುದನ್ನು ನಾನು ಒಂದು ವರ್ಷದ ಮೂವತ್ತಾರು ಅಳತೆಗಳಲ್ಲಿ ಲೆಕ್ಕ ಹಾಕಿ ತೋರಿಸಿದೆ. ಎಲ್ಲ ಪಠ್ಯಪುಸ್ತಕಗಳಲ್ಲೂ ಇರುವ ವಿಷಯವೇ ಅದು. ಆದರೂ ಆ ಗೆರೆ ನನ್ನ ಕೈಯಿಂದಲೇ ಮೂಡಿದಾಗ ಆದ ಸಂತೋಷ ದೊಡ್ಡದು. ಪದವಿ ಮುಗಿದ ಮೇಲೂ ಕೆಲವು ತಿಂಗಳು, ಹತ್ತು ದಿನಕ್ಕೊಮ್ಮೆ, ಆ ಫ್ಲೋಟು ಮೇಲೆ ಬಂದು ಏನು ಹೇಳಿದೆಯೆಂದು ನಾನು ತೆರೆದು ನೋಡುತ್ತಿದ್ದೆ.